ಪತ್ತೆಯಾಗಿಲ್ಲ: ಕೊನೆಗೆ ಹಾಕುವ ಹನಿ

"ನಾನು ಸುಳ್ಳು ರಿಪೋರ್ಟ್ ಬರ್ದಿದೀನಿ ಅಂತ ನೇರವಾಗಿ ಹೇಳ್ಬಿಡು. ಸುತ್ತಿ ಬಳಸಿ ಯಾಕೆ ಕೇಳ್ತೀಯ?"

ಅತ್ತಿಗೆ ಕೈಗವಸನ್ನೂ ಬಿಚ್ಚಿರಲಿಲ್ಲ. ಅವಳ ಬೆನ್ನ ಹಿಂದೆ ಗಾಜಿನ ಗೂಡಿನೊಳಗೆ, ಬಿಸಿ ತಟ್ಟೆಯ ಮೇಲೆ ಆರು ಬೀಕರುಗಳು ಸಣ್ಣಗೆ ಕುದಿಯುತ್ತಿದ್ದವು. ಆಸಿಡ್ಡಿನ ಹೊಗೆಯನ್ನು ಫ್ಯಾನು ಎಳೆದುಕೊಂಡು ಚಿಮಣಿಯಿಂದ ಹೊರಗೆ ಅಟ್ಟುತ್ತಿತ್ತು. ಅದರ ಸದ್ದಿಗೆ ಇಬ್ಬರೂ ದನಿ ಏರಿಸಿ ಮಾತಾಡಬೇಕಿತ್ತು. ಹೇಗೂ ಏರಿಸುವವರೇ, ಈಗ ಅದಕ್ಕೊಂದು ನೆಪವೂ ಸಿಕ್ಕಿತ್ತು.

ಎದುರಿಗೆ ನಿಂತವಳು ಅವಳ ನಾದಿನಿ. ಸೌಂದರ್ಯ ಸಾಮಗ್ರಿಗಳ ಕಲಬೆರಕೆ ಹಿಡಿಯುವ ತನಿಖಾ ಕಚೇರಿಯಲ್ಲಿ ಹದಿನಾರು ವರ್ಷ ಸವೆಸಿದವಳು. ಕಚೇರಿಯವರು ಬೆನ್ನ ಹಿಂದೆ ಅವಳನ್ನು ಸೂಜಿ ಎನ್ನುತ್ತಾರೆ. ಅದು ಅವಳಿಗೆ ಗೊತ್ತು, ಬೇಸರವೂ ಇಲ್ಲ. ಚುಚ್ಚದೆ ಹೊಲಿಯುವ ಸೂಜಿಯನ್ನು ಯಾರು ಕಂಡಿದ್ದಾರೆ?

"ಸುಳ್ಳು ಅಂತ ನಾನೆಲ್ಲಿ ಅಂದೆ ಅತ್ತಿಗೆ? ಈ ಲ್ಯಾಬಿಗೆ ಐದು ತಿಂಗಳಿಂದ ಪಾದರಸ ಯಾಕೆ ಕಾಣ್ತಿಲ್ಲ ಅಂತ ಕೇಳ್ದೆ."

"ಇಲ್ದೇ ಇದ್ರೆ ಎಲ್ಲಿಂದ ಕಾಣತ್ತೆ?"

ಆ ಮಾತಿಗೆ ಸೂಜಿಗೆ ಮೈಯೆಲ್ಲ ಉರಿಯಿತು. ಅಣ್ಣನ ಮಗಳು ಆಸ್ಪತ್ರೆ ಸೇರಿ ಎಂಟು ದಿನ. ಹತ್ತೊಂಬತ್ತರ ಹುಡುಗಿ. ಮುಖ ಊದಿ ಕಣ್ಣುಗಳು ಗೆರೆಯಾಗಿವೆ, ಪಾದದ ಮೇಲೆ ಬೆರಳೊತ್ತಿದರೆ ಗುಳಿ ಹಾಗೇ ಉಳಿಯುತ್ತದೆ. ಮೂತ್ರಪಿಂಡ ಕೈಕೊಡುತ್ತಿದೆ. ಬಣ್ಣ ತಿಳಿಯಾಗಿಸುತ್ತೇವೆನ್ನುವ ಅದೇ ಕ್ರೀಮು ಹಚ್ಚಿಕೊಂಡ ಇನ್ನೂ ಮೂವರು ಹೆಂಗಸರಿಗೆ ಇದೇ ಕಾಯಿಲೆ, ಅವರಲ್ಲೊಬ್ಬಳು ಹೋದ ವಾರ ತೀರಿಕೊಂಡಳು. ಆ ಕ್ರೀಮು ಮೂರು ಸಲ ಈ ಲ್ಯಾಬಿಗೆ ಬಂದು ಮೂರು ಸಲವೂ ಪಾಸಾಗಿ ಹೋಗಿದೆ.

ಮೈಯಲ್ಲಿ ಪಾದರಸ ಸೇರಿದೆಯೆಂದು ಖಚಿತವಾದರೆ ಅದನ್ನು ಹೊರಗೆಳೆಯುವ ಔಷಧಿಯಿದೆ. ಆದರೆ ಸೋತ ಮೂತ್ರಪಿಂಡಕ್ಕೆ ಅದು ಇನ್ನೊಂದು ಹೊರೆ. "ರಿಪೋರ್ಟ್ ಇಲ್ದೆ ನಾನು ಅದನ್ನ ಕೊಡಲ್ಲ," ಎಂದು ಡಾಕ್ಟರಮ್ಮ ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದರು. "ಸಾಯಂಕಾಲ ಐದರೊಳಗೆ ಸಹಿ ಮಾಡಿದ ಕಾಗದ ತನ್ನಿ. ನಾಳೆ ಅಂದ್ರೆ ನಾನು ಮಾತು ಕೊಡೋಕಾಗಲ್ಲ."

ಪಾದರಸ ನೋಡುವ ಮೆಷಿನ್ನು ಸುತ್ತಮುತ್ತಲಿಗೆಲ್ಲ ಇರುವುದು ಇದೊಂದೇ. ಹುಡುಗಿಯ ಮೂತ್ರವೂ ಮೂರು ದಿನದ ಹಿಂದೆ ಇಲ್ಲಿಗೇ ಬಂದಿತ್ತು. ಹೋದ ಉತ್ತರ ಒಂದೇ ಪದ, ಪತ್ತೆಯಾಗಿಲ್ಲ. ಕೆಳಗೆ ಹೆತ್ತ ತಾಯಿಯದೇ ಸಹಿ.

ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಅವಳ ದಿಂಬಿನ ಪಕ್ಕ ಆ ಡಬ್ಬಿ ನೋಡ್ದೆ," ಎಂದಳು ಸೂಜಿ. "ಆಸ್ಪತ್ರೆಯಲ್ಲೂ ಹಚ್ಕೋತಿದಾಳೆ. ಡಾಕ್ಟರಮ್ಮ ಕೇಳಿದ್ದಕ್ಕೆ, ಅದನ್ನ ನಾನೇ ಟೆಸ್ಟ್ ಮಾಡಿದೀನಿ, ಅದರಲ್ಲಿ ಏನೂ ಇಲ್ಲ ಅಂದ್ರಂತೆ ನೀವು."

"ಅಂದೆ. ಮನೆಗೆ ತಂದ್ಕೊಟ್ಟಿದ್ದೂ ನಾನೇ. ಈಗೇನು?"

ಅದು ಲ್ಯಾಬಿನ ಹಳೆಯ ಅಭ್ಯಾಸ. ಪರೀಕ್ಷೆಗೆ ಒಂದು ಚಮಚ ಸಾಕು, ಬರುವುದು ಹತ್ತು ಡಬ್ಬಿ. ಉಳಿದದ್ದನ್ನು ನಾಶ ಮಾಡಬೇಕೆಂದು ನಿಯಮವಿದೆ. ಆದರೆ ಪಾಸಾದ ಶಾಂಪೂವನ್ನು, ಒಳ್ಳೊಳ್ಳೆಯ ಸೋಪನ್ನು ಚರಂಡಿಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? ಶನಿವಾರ ಮಧ್ಯಾಹ್ನ ಅಟೆಂಡರ್ ಅವನ್ನೆಲ್ಲ ಮೇಜಿನ ಮೇಲೆ ಹರಡುತ್ತಾನೆ, ಬೇಕಾದವರು ಬೇಕಾದ್ದನ್ನು ಚೀಲಕ್ಕೆ ಇಳಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಕೊಂಡದ್ದನ್ನು ಈ ಜನ ನಂಬುವುದಿಲ್ಲ. ತಾವೇ ಸಹಿ ಹಾಕಿದ್ದನ್ನು ಕಣ್ಣುಮುಚ್ಚಿ ನಂಬುತ್ತಾರೆ.

"ಅವಳಿಗೆ ಯಾಕೆ ಬೇಕಿತ್ತು ಅತ್ತಿಗೆ ಅದು?"

ಅತ್ತಿಗೆ ನಕ್ಕಳು. ನಗುವೆಂದರೆ ತುಟಿ ಒಂದು ಕಡೆಗೆ ಹೋಯಿತು, ಅಷ್ಟೆ.

"ನೀನು ಕೇಳ್ತೀಯಲ್ಲ, ಅದು ಚೆನ್ನಾಗಿದೆ. ಹುಟ್ಟಿದ ದಿನ ನಿಮ್ಮಮ್ಮ ಬಗ್ಗಿ ನೋಡಿ, ಮೂಗು ಬಾಯಿ ಲಕ್ಷಣವಾಗಿದೆ, ಬಣ್ಣ ಒಂದು ಕೈಕೊಡ್ತು ಅಂದ್ರು. ನೀನು ಪಕ್ಕದಲ್ಲಿ ನಿಂತು, ಥೇಟ್ ನನ್ ಹಾಗೇ ಇದಾಳೆ, ಓದಿ ಕೆಲಸ ಹಿಡೀಲಿ, ಮದುವೆ ಆಸೆ ಬಿಡ್ಲಿ ಅಂತ ನಗಾಡ್ದೆ. ಅವಳಿಗೆ ಆರು ವರ್ಷ ಆದಾಗ್ಲೂ ಅದನ್ನೇ ಅಂದೆ, ಹದಿನಾರಕ್ಕೂ ಅದನ್ನೇ ಅಂದೆ. ನಿನಗದು ತಮಾಷೆ. ಅವಳು ಮರೀಲಿಲ್ಲ."

ಸೂಜಿ ಅಂದದ್ದು ನಿಜ. ತನ್ನ ಬಣ್ಣವನ್ನು ತಾನೇ ಮೊದಲು ಆಡಿಕೊಂಡುಬಿಟ್ಟರೆ ಬೇರೆಯವರ ಬಾಯಿಗೆ ಕೆಲಸವಿರುವುದಿಲ್ಲ ಎಂದು ಚಿಕ್ಕಂದಿನಲ್ಲಿ ಕಲಿತ ಉಪಾಯ ಅದು. ಅದು ಮಗುವಿಗೂ ತಗಲುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಆದರೆ ಹದಿನಾರು ವರ್ಷದ ಚಾಳಿ ಎಲ್ಲಿ ಹೋಗುತ್ತದೆ? ನಾಚಿಕೆಯ ನಡುವೆಯೂ ತಲೆ ತನ್ನ ಕೆಲಸ ಮಾಡುತ್ತಲೇ ಇತ್ತು. ಅತ್ತಿಗೆಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಹೆತ್ತ ಮಗಳ ಮುಖಕ್ಕೆ ಆ ಡಬ್ಬಿ ತಂದುಕೊಡುತ್ತಾಳೆಯೇ? ತನ್ನ ರಿಪೋರ್ಟನ್ನು ತಾನೇ ನಂಬಿದವಳು ಮಾಡುವ ತಪ್ಪು ಇದು. ಹಾಗಾದರೆ ಗೊತ್ತಿದ್ದವರು ಆ ಡಬ್ಬಿಯನ್ನು ಮುಟ್ಟಿರಲಾರರು.

ಅಷ್ಟರಲ್ಲಿ ಅಟೆಂಡರ್ ಶುದ್ಧ ನೀರಿನ ಕ್ಯಾನು ಹೊತ್ತು ಒಳಗೆ ಬಂದ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮನುಷ್ಯ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಯಜಮಾನ್ರೇ, ಆ ಬಿಳಿ ಮಾಡೋ ಕ್ರೀಮು ಶನಿವಾರ ಹಂಚಿದ್ರಲ್ಲ, ಯಾರ್ಯಾರು ತಗೊಂಡ್ರು?" ಎಂದಳು ಸೂಜಿ.

"ಎಲ್ರೂ ತಗೊಂಡ್ರು ಮೇಡಂ. ಟೈಪಿಸ್ಟಮ್ಮ ಎರಡು. ನಮ್ಮನೆಯೋಳಿಗೆ ನಾನೊಂದು. ವಾಚ್‌ಮನ್ನೂ ಒಂದು. ಅವನಿಗೆ ಮೀಸೆ ಬಿಟ್ರೆ ಮುಖಾನೇ ಇಲ್ಲ, ಎಲ್ಲಿ ಹಚ್ತಾನೋ ಗೊತ್ತಿಲ್ಲ."

"ಯಾರು ತಗೊಳ್ಲಿಲ್ಲ?"

ಅಟೆಂಡರ್ ಕ್ಯಾನು ಕೆಳಗಿಟ್ಟ. "ದೊಡ್ಡ ಸಾಹೇಬ್ರು. ಶಾಂಪೂ ಬಿಡಲ್ಲ, ಸೋಪು ಬಿಡಲ್ಲ, ಹೋದ ತಿಂಗಳು ಸೊಸೆಗೆ ಅಂತ ನೇಲ್ ಪಾಲಿಶ್ ಕೂಡ ಬಿಡ್ಲಿಲ್ಲ. ಈ ಡಬ್ಬಿ ಕೊಡಕ್ಕೆ ಹೋದ್ರೆ ಮಾತ್ರ ಕೈ ಹಿಂದಕ್ಕೆ ಎಳ್ಕೊಂಡ್ರು. ನಮ್ಮನೇಲಿ ಎಲ್ರೂ ಬೆಳ್ಳಗೇ ಇದೀವಿ ಕಣಯ್ಯ ಅಂದ್ರು."

"ನಿಮ್ಮನೆಯವ್ರಿಗೆ ಈಗ್ಲೇ ಫೋನ್ ಮಾಡಿ, ಹಚ್ಚೋದು ನಿಲ್ಲಿಸೋಕೆ ಹೇಳಿ. ತಗೊಂಡವ್ರಿಗೆಲ್ಲ ಹೇಳಿ."

ಅವನ ಮುಖ ಸಣ್ಣಗಾಯಿತು. ಏಕೆಂದು ಕೇಳದೆ ಹೊರಗೆ ಹೋದ.

"ಕೈ ಹಿಂದಕ್ಕೆ ಎಳ್ಕೊಂಡ್ರೆ ಕಳ್ಳರಾ?" ಎಂದಳು ಅತ್ತಿಗೆ. "ಸಾಹೇಬ್ರು ಈ ಲ್ಯಾಬಿನ ನಿರ್ದೇಶಕರು ಕಣೆ. ಈ ಕೋಣೆಗೆ ಕಾಲೇ ಇಡಲ್ಲ. ಅವರು ಬೀಕರ್ ಮುಟ್ಟಿ ಹತ್ತು ವರ್ಷ ಆಗಿರಬೇಕು."

"ಮುಟ್ಟದೇನೇ ಕೆಡಿಸೋಕೆ ಬರತ್ತಾ ಅಂತ ನೋಡೋಣ. ನೀವು ಮಾಡೋದನ್ನ ಒಂದೊಂದಾಗಿ ಹೇಳಿ. ಅಡುಗೆ ಬರದವಳಿಗೆ ಅಡುಗೆ ಹೇಳ್ಕೊಟ್ಟ ಹಾಗೆ."

ಅತ್ತಿಗೆ ಬೆರಳು ಮಡಿಸುತ್ತ ಹೇಳಿದಳು. "ತೂಗ್ತೀನಿ. ಬೀಕರಿಗೆ ಹಾಕಿ ಆಸಿಡ್ ಸುರೀತೀನಿ. ತಟ್ಟೆ ಮೇಲಿಟ್ಟು ಬತ್ತಿಸ್ತೀನಿ. ತಳದಲ್ಲಿ ಉಳಿದಿದ್ದಕ್ಕೆ ನೀರು ಸೇರಿಸಿ, ಸೋಸಿ ಮೆಷಿನ್ನಿಗೆ ಕೊಡ್ತೀನಿ. ಮೆಷಿನ್ ಸರಿ ಇದೆಯಾ ಅಂತ ನೋಡೋಕೆ ಒಂದು ಬೀಕರಿಗೆ ನಾನೇ ಅಳತೆ ಮಾಡಿ ಪಾದರಸದ ಹನಿ ಹಾಕ್ತೀನಿ. ಹತ್ತು ಹಾಕಿದ್ರೆ ಹತ್ತೇ ತೋರಿಸತ್ತೆ, ಒಂದು ದಿನಾನೂ ತಪ್ಪಿಲ್ಲ. ಹಾಗಾಗಿ ಮೆಷಿನ್ನಿಗೆ ಕಣ್ಣಿಲ್ಲ ಅಂತ ಮಾತ್ರ ಹೇಳ್ಬೇಡ."

"ಆ ಹನಿ ಯಾವಾಗ ಹಾಕ್ತೀರ?"

"ಕೊನೆಗೆ. ಮೆಷಿನ್ನಿಗೆ ಕೊಡೋ ಮುಂಚೆ."

"ಕೊನೆಗೆ ಅಂತ ಯಾರು ಹೇಳಿದ್ದು?"

ಅತ್ತಿಗೆ ಗೋಡೆಯತ್ತ ತೋರಿಸಿದಳು. ಪ್ಲಾಸ್ಟಿಕ್ ಹೊದಿಕೆಯೊಳಗೆ ಹಳದಿಯಾದ ಒಂದು ಹಾಳೆ, ಅದರ ತುಂಬ ದುಂಡಗಿನ ಕೈಬರಹ. ಬರೆದವನನ್ನು ಇಲ್ಲಿ ಎಲ್ಲರೂ ಸೀಸದಜ್ಜ ಎನ್ನುತ್ತಿದ್ದರು. ಮೂವತ್ತೈದು ವರ್ಷ ಕಾಡಿಗೆ, ಲಿಪ್‌ಸ್ಟಿಕ್ಕು, ತಲೆಬಣ್ಣಗಳಲ್ಲಿ ಸೀಸ ಹುಡುಕಿಯೇ ಹಣ್ಣಾದವನು. ಸತ್ತು ಆರು ವರ್ಷವಾದರೂ ಈ ಕೋಣೆಯಲ್ಲಿ ಅವನ ಮಾತಿಗೆ ಎದುರಿಲ್ಲ. ಪಾದರಸ ನೋಡುತ್ತಿದ್ದ ಹಿರಿಯಳನ್ನು ಐದು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಬೇರೆ ಊರಿಗೆ ಎತ್ತಂಗಡಿ ಮಾಡಿ, ಕೆಳಮಹಡಿಯಲ್ಲಿ ಸೋಪಿನ ಮೇಜು ನೋಡಿಕೊಂಡಿದ್ದ ಅತ್ತಿಗೆಯನ್ನು ತಂದು ಇಲ್ಲಿ ಕೂರಿಸಿದ್ದರು. ಲೋಹದ ಕೆಲಸ ಅವಳಿಗೆ ಹೊಸದು. ಕಲಿಸಿದ್ದು ಆ ಹಾಳೆಯೊಂದೇ.

"ಇವತ್ತು ಹನೀನ ಮೊದಲೇ ಹಾಕಿ," ಎಂದಳು ಸೂಜಿ. "ಆಸಿಡ್ ಜೊತೆಗೇ. ಆಮೇಲೆ ನಿಮ್ಮ ಪದ್ಧತಿ ಹೇಗಿದೆಯೋ ಹಾಗೆ ಬತ್ತಿಸಿ."

"ಏನು ಸಾಧಿಸ್ತೀಯ ಅದರಿಂದ?"

"ಹಾಕಿ ಅತ್ತಿಗೆ. ನಿಮ್ಮ ನಾದಿನಿ ಹಠ ಅಂತ್ಲೇ ಹಾಕಿ."

ಬೀಕರು ಬತ್ತಲು ಒಂದೂವರೆ ಗಂಟೆ ಹಿಡಿಯಿತು. ಇಪ್ಪತ್ತೆರಡು ವರ್ಷದ ನೆಂಟಸ್ತಿಕೆಯಲ್ಲಿ ಇಷ್ಟು ಹೊತ್ತು ಸುಮ್ಮನೆ ಒಂದೇ ಕೋಣೆಯಲ್ಲಿ ಕೂತದ್ದು ಇದೇ ಮೊದಲಿರಬೇಕು.

ಒಂದೂಕಾಲಕ್ಕೆ ಮೆಷಿನ್ನು ಉತ್ತರ ಕೊಟ್ಟಿತು. ಸೊನ್ನೆ.

"ಹತ್ತು ಹಾಕಿದ್ದೆ," ಎಂದಳು ಅತ್ತಿಗೆ. ಇನ್ನೊಮ್ಮೆ ಕೊಟ್ಟಳು. ಮತ್ತೆ ಸೊನ್ನೆ. "ನನ್ ಕೈಯಾರೆ ಹತ್ತು ಹಾಕಿದ್ದೆ. ನೀನೂ ನೋಡ್ದೆ."

ಅವಳ ಕಣ್ಣು ಬೀಕರಿನಿಂದ ಗಾಜಿನ ಗೂಡಿಗೆ, ಗೂಡಿನಿಂದ ಚಿಮಣಿಗೆ ಮೆಲ್ಲಗೆ ಏರಿತು. ಸೀಸ ಎಷ್ಟು ಕಾದರೂ ತಳದಲ್ಲಿ ಕೂತಿರುತ್ತದೆ. ಪಾದರಸ ಕೂರುವ ಜಾತಿಯಲ್ಲ, ಬತ್ತುವಷ್ಟರಲ್ಲಿ ಹಾರಿಹೋಗಿರುತ್ತದೆ. ಇದನ್ನು ಕಾಲೇಜಿನಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಗೋಡೆಯ ಮೇಲೆ ಹಿರಿಯನ ಕೈಬರಹ ಇರುವಾಗ ಕಾಲೇಜಿನ ಪುಸ್ತಕ ಯಾರಿಗೆ ನೆನಪಾಗುತ್ತದೆ? ಐದು ತಿಂಗಳಿಂದ ಅವಳು ಪಾದರಸವನ್ನು ಮೊದಲು ಗಾಳಿಗೆ ಬಿಟ್ಟು ಆಮೇಲೆ ಹುಡುಕುತ್ತಿದ್ದಳು. ಕೊನೆಗೆ ಹಾಕಿದ ಹನಿ ಮಾತ್ರ ಪ್ರತಿ ಸಲ ಸಿಗುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

"ಅವಳದನ್ನ ಎರಡು ಸಲ ಮಾಡ್ದೆ ಕಣೆ," ಎಂದಳು ಅತ್ತಿಗೆ. "ನನ್ ಮಗಳದು, ತಪ್ಪಾಗ್ಬಾರ್ದು ಅಂತ ಎರಡು ಸಲ ಬತ್ತಿಸ್ದೆ."

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಸೂಜಿಗೆ ಸಮಾಧಾನ ಹೇಳಲಿಕ್ಕಾದರೂ ಆಗುತ್ತಿತ್ತು. ಸ್ಟೂಲಿನ ಮೇಲೆ ಒಂದು ನಿಮಿಷ ಕೂತಿದ್ದು, ಎದ್ದು ಕೈಗವಸು ಬದಲಿಸಿಕೊಂಡಳು.

"ಅವಳ ಇವತ್ತಿನ ಮೂತ್ರ ತಂದಿದೀಯಾ?"

"ಐಸ್ ಡಬ್ಬೀಲಿದೆ."

"ಕೊಡು. ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟು ಬಿಸಿನೀರಲ್ಲಿ ಕಾಯಿಸ್ಬೇಕು. ಎರಡು ಗಂಟೆ ಬೇಕು."

ಸೂಜಿ ಅಣ್ಣನಿಗೆ ಫೋನ್ ಮಾಡಿ, ಡಬ್ಬಿಯನ್ನು ಕಿತ್ತು ಚೀಲದಲ್ಲಿ ಕಟ್ಟಿಡಲು ಹೇಳಿದಳು. "ಅವಳಮ್ಮನೇ ಕೊಟ್ಟಿದ್ದಲ್ವೇ ಅದು?" ಎಂದ ಅಣ್ಣ. "ಪ್ರಶ್ನೆ ಆಮೇಲೆ ಅಣ್ಣ, ಮೊದಲು ಕಿತ್ಕೋ," ಎಂದು ಇಟ್ಟುಬಿಟ್ಟಳು.

ಆಮೇಲೆ ಗೋಡೆಯ ಹಾಳೆಯ ಮುಂದೆ ಹೋಗಿ ನಿಂತಳು.

ತಲೆಬರಹ, ಎಲ್ಲ ಲೋಹಗಳಿಗೂ. ಆ ಅಕ್ಷರಗಳು ಅಜ್ಜನವುಗಳ ಹಾಗೆ ದುಂಡಗಿರಲು ಪ್ರಯತ್ನಪಟ್ಟಿದ್ದವು. ಪಿನ್ನು ಕಿತ್ತು, ಹಾಳೆಯನ್ನು ಹೊದಿಕೆಯಿಂದ ತೆಗೆದು ಬೆಳಕಿಗೆ ಹಿಡಿದಳು. ಅಲ್ಲಿ ಕಾಗದ ಎರಡು ಪದರವಾಗಿತ್ತು. ಬ್ಲೇಡಿನ ತುದಿಯಿಂದ ಮೂಲೆ ಎಬ್ಬಿಸಿದರೆ, ಮೇಲೆ ಅಂಟಿಸಿದ್ದ ಚೀಟಿಯ ಕೆಳಗೆ ಅಜ್ಜನ ನಿಜವಾದ ಅಕ್ಷರ ಕಂಡಿತು. ಸೀಸಕ್ಕೆ ಮಾತ್ರ.

ಚೀಟಿಯ ಅಂಚಿನಲ್ಲಿ ಸಣ್ಣ ಸಹಿ, ದಿನಾಂಕ. ತಿದ್ದಿದ ಕಡೆ ಸಹಿ ಇಲ್ಲದಿದ್ದರೆ ಅದನ್ನು ಯಾರೂ ಪಾಲಿಸಬಾರದೆಂದು ಅಜ್ಜ ಈ ಲ್ಯಾಬಿಗೆ ಕಲಿಸಿಟ್ಟು ಹೋಗಿದ್ದ. ಮೋಸ ಮಾಡುವವರೂ ಆ ಶಿಸ್ತಿಗೆ ತಲೆಬಾಗಬೇಕಾಯಿತು. ದಿನಾಂಕ ಅತ್ತಿಗೆ ಈ ಮೇಜಿಗೆ ಬಂದ ವಾರದ್ದು. ಸಹಿ ನಿರ್ದೇಶಕರದು.

"ಸಾಹೇಬ್ರ ಸಹಿ ಇದೆ ಅಂತ್ಲೇ ನಾನೂ ಕೇಳ್ಲಿಲ್ಲ," ಎಂದಳು ಅತ್ತಿಗೆ ಬೆನ್ನ ಹಿಂದಿನಿಂದ. "ಅವರೂ ತಿಳೀದೇ ಮಾಡಿರ್ಬಹುದು, ನನ್ ಹಾಗೆ."

ಸೂಜಿ ಬೆರಳನ್ನು ಕೆಳಗೆ ಇಳಿಸಿದಳು. ಹನಿಯ ಸಾಲಿನಲ್ಲಿ, ಕೊನೆಗೆ ಎಂಬ ಪದದ ಮೇಲೆ ಇನ್ನೊಂದು ಚೂರು ಅಂಟಿತ್ತು. ಅದರ ಕೆಳಗೆ ಅಜ್ಜ ಬರೆದದ್ದು, ಮೊದಲಿಗೆ.

ಮೇಲಿನ ಚೀಟಿಯನ್ನು ಅಜ್ಞಾನ ಎನ್ನಬಹುದು. ಇದನ್ನು ಹಾಗೆನ್ನಲು ಬರುವುದಿಲ್ಲ. ಹನಿ ಮೊದಲು ಬಿದ್ದರೆ ಗುಟ್ಟು ಮೊದಲ ದಿನವೇ ರಟ್ಟಾಗುತ್ತದೆಂದು ಬಲ್ಲವರು ಮಾಡಿದ ಕೆಲಸ ಇದು.

"ಕ್ರೀಮಿನವರು ಸಾಹೇಬ್ರನ್ನ ಕೇಳ್ಕೊಂಡಿರ್ತಾರೆ," ಎಂದಳು ಸೂಜಿ. "ನಿಮ್ಮನ್ನ ಯಾಕೆ ಆರಿಸಿದ್ರು ಗೊತ್ತಾ ಅತ್ತಿಗೆ? ಕೆಲಸ ಗೊತ್ತಿಲ್ಲ, ಪ್ರಾಮಾಣಿಕರು. ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡ್ತೀರ."

ಸೂಜಿ ಹಾಳೆಯ ಫೋಟೋ ತೆಗೆದು, ಹಾಳೆಯನ್ನು ಚೀಲಕ್ಕೆ ಸೇರಿಸಿದಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮೆಷಿನ್ನು ಹುಡುಗಿಯ ಅಂಕಿ ತೋರಿಸಿತು. ಇಪ್ಪತ್ತು ದಾಟಿದರೆ ಯೋಚಿಸಬೇಕು ಎನ್ನುತ್ತಾರೆ. ಇದು ನೂರ ಎಂಬತ್ತಾರು.

ಅತ್ತಿಗೆ ರಿಪೋರ್ಟಿನ ಹಾಳೆ ಎಳೆದುಕೊಂಡು ಬರೆಯತೊಡಗಿದಳು. "ಇದಕ್ಕೆ ಸಹಿ ಹಾಕಿದ್ರೆ ಮೊನ್ನೇದು ಸುಳ್ಳಾಗತ್ತೆ. ಐದು ತಿಂಗಳಿದ್ದೆಲ್ಲ ಸುಳ್ಳಾಗತ್ತೆ. ಸತ್ತವಳ ಗಂಡ ನಾಳೆ ಇಲ್ಲಿಗೇ ಬರ್ತಾನೆ."

"ಬರ್ತಾನೆ."

"ಬರ್ಲಿ," ಎಂದು ಸಹಿ ಹಾಕಿದಳು. "ಆಸ್ಪತ್ರೆಗೆ ಅರ್ಧ ಗಂಟೆ. ನೀನು ಹೊರಡು."

"ಆ ಸಹಿ ನಡೆಯಲ್ಲಮ್ಮ."

ನಿರ್ದೇಶಕರು ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮುರಿಯದ ಬಿಳಿ ಕೋಟು, ಕೈಯಲ್ಲೊಂದು ಲಕೋಟೆ. ಅದನ್ನು ಅತ್ತಿಗೆಯ ಮುಂದಿಟ್ಟು ಸ್ಟೂಲು ಎಳೆದುಕೊಂಡು ಕೂತರು. ಐದು ತಿಂಗಳ ತಪ್ಪು ವರದಿಗಳ ದೂರಿನ ಮೇಲೆ ಪರೀಕ್ಷಕಿಯನ್ನು ಅಮಾನತಿನಲ್ಲಿಡಲಾಗಿದೆ, ಇವತ್ತು ಬೆಳಿಗ್ಗೆ ಹತ್ತು ಗಂಟೆಯಿಂದ ಜಾರಿ ಎಂದು ಅದರಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

"ಆಸ್ಪತ್ರೆಗೂ ಒಂದು ಪ್ರತಿ ಕಳ್ಸಿದೀನಿ," ಎಂದರು. "ಅಮಾನತಾದವರ ಸಹಿ ಅವರು ತಗೊಳ್ಳಲ್ಲ." ರಿಪೋರ್ಟ್ ಎತ್ತಿಕೊಂಡು ಓದಿದರು. "ನೂರ ಎಂಬತ್ತಾರು. ಪಾಪ, ಚಿಕ್ಕ ಹುಡುಗಿ. ಪರೀಕ್ಷೆ ಸರಿಯಾಗೇ ಮಾಡಿದೀರಿ. ಸಹಿ ಮಾಡೋ ಅಧಿಕಾರ ಈಗ ನನಗೊಬ್ಬನಿಗೇ ಇರೋದು."

"ಹಾಗಾದ್ರೆ ಮಾಡಿ," ಎಂದಳು ಸೂಜಿ.

ನಿರ್ದೇಶಕರು ಗೋಡೆ ನೋಡಿದರು. ಹಾಳೆಯಿದ್ದ ಜಾಗ ಚೌಕವಾಗಿ ಬೆಳ್ಳಗಿತ್ತು.

"ಹಾಳೆ ನಿಮ್ಮ ಚೀಲದಲ್ಲಿದೆ ಅನ್ಸತ್ತೆ."

"ಫೋಟೋನೂ ಇದೆ."

"ಇರ್ಲಿ. ಫೋಟೋದಲ್ಲಿ ಅಂಟು ಎಷ್ಟು ಹಳೇದು ಅಂತ ಗೊತ್ತಾಗಲ್ಲ ಮೇಡಂ. ಯಾರು ಅಂಟಿಸಿದ್ರು, ನನ್ನ ಸಹಿ ಯಾರು ಗೀಚಿದ್ರು ಅಂತ್ಲೂ ಗೊತ್ತಾಗಲ್ಲ. ಅದೂ ಅತ್ತಿಗೆ ಕೇಸಿಗೆ ನಾದಿನಿ ತೆಗೆದ ಫೋಟೋ. ಅತ್ತಿಗೆ ಅಂತ ನಿಮ್ಮ ಕಚೇರಿಗೆ ಹೇಳಿದೀರಾ?"

ಹೇಳಿರಲಿಲ್ಲ. ಹೇಳಿದ್ದರೆ ಈ ಕೇಸು ಬೇರೆಯವರ ಕೈಗೆ ಹೋಗುತ್ತಿತ್ತು, ಹುಡುಗಿ ಬೇರೆಯವರ ಪಾಲಿಗೆ ಒಂದು ಸಂಖ್ಯೆಯಾಗುತ್ತಿದ್ದಳು. ಈಗ ಅದೇ ಸೂಜಿಯ ಕುತ್ತಿಗೆಗೆ ಬಂದಿತ್ತು. ಹಾಳೆ ಹೋದರೆ ಐದು ತಿಂಗಳ ಪಾಪವೆಲ್ಲ ಅತ್ತಿಗೆಯ ತಲೆಗೆ. ಹಾಳೆ ಉಳಿದರೆ ಹುಡುಗಿಗೆ ಔಷಧಿಯಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಿರ್ದೇಶಕರು ಪೆನ್ನು ಬಿಚ್ಚಿ ರಿಪೋರ್ಟಿನ ಮೇಲಿಟ್ಟರು. ಇನ್ನೊಂದು ಕೈಯನ್ನು ಅಂಗೈ ಮೇಲೆ ಮಾಡಿ ಅವಳತ್ತ ಚಾಚಿದರು.

"ಕೊಟ್ಬಿಡು," ಎಂದಳು ಅತ್ತಿಗೆ.

"ಅತ್ತಿಗೆ, ಆಮೇಲೆ ನಿಮಗೆ ಜೈಲೇ ಗತಿ."

"ಗೊತ್ತು ಕಣೆ. ನೀನು ಅವಳಿಗೆ ಅತ್ತೆ ತಾನೇ? ಕೊಟ್ಬಿಡು."

ಸೂಜಿ ಚೀಲದೊಳಗೆ ಕೈ ಹಾಕಿದಳು. ಬೆರಳಿಗೆ ಹಾಳೆ ಸಿಕ್ಕಿತು.

"ಕೊಡಬೇಡಿ ಮೇಡಂ."

ಅಟೆಂಡರ್ ಬಾಗಿಲ ಬಳಿ ನಿಂತಿದ್ದ, ಎಷ್ಟು ಹೊತ್ತಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದನೋ. ಮಧ್ಯಾಹ್ನ ಮನೆಗೆ ಓಡಿಹೋಗಿದ್ದನೆಂದು ಕಾಣುತ್ತದೆ, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈಯಲ್ಲಿ ಮುಚ್ಚಳ ಬಿಗಿದ ಒಂದು ಸಣ್ಣ ಬಾಟಲಿಯಿತ್ತು.

"ನಮ್ಮನೆಯೋಳ ಮುಖ ಮೊನ್ನೆಯಿಂದ ಊದಿದೆಯಂತೆ. ವಯಸ್ಸಾಯ್ತಲ್ಲ ಅಂತ ನನಗೆ ಹೇಳೇ ಇಲ್ಲ. ಇದು ಅವಳದು." ಬಾಟಲಿಯನ್ನು ಮೇಜಿನ ಮೇಲಿಟ್ಟ. "ಆ ಹಾಳೆ ಮತ್ತೆ ಗೋಡೆಗೆ ಹೋದ್ರೆ ಇದಕ್ಕೆ ಏನು ಉತ್ತರ ಬರತ್ತೆ ಅಂತ ನಂಗೊತ್ತು. ಮೂವತ್ತು ವರ್ಷದಿಂದ ನಿಮ್ಮ ರಿಪೋರ್ಟೆಲ್ಲ ನಾನೇ ಹೊತ್ತಿರೋದು."

ಅತ್ತಿಗೆ ಆ ಬಾಟಲಿಯನ್ನು ನೋಡಿದಳು, ನಾದಿನಿಯ ಚೀಲವನ್ನು ನೋಡಿದಳು, ಮುಖ ಆಚೆ ತಿರುಗಿಸಿಕೊಂಡಳು. ಸೂಜಿಯ ಕೈ ಚೀಲದೊಳಗೇ ಇತ್ತು.

ನಿರ್ದೇಶಕರು ಗಡಿಯಾರ ನೋಡಿ ಪೆನ್ನಿನ ಕ್ಯಾಪು ಹಾಕಿದರು.

"ನಿಧಾನವಾಗಿ ಯೋಚ್ನೆ ಮಾಡಿ," ಎಂದರು. "ನಾನು ನಾಲ್ಕೂವರೆಗೆ ಮನೆಗೆ ಹೊರಡೋನು."